ಎರಡು ಪುಟ್ಟ ಪೆಟ್ಟಿಗೆಗಳ ಗುಣದೋಷ

ಪುಸ್ತಕಗಳ ವಿಮರ್ಶೆಗೆ ಮೀಸಲಾದ ಪುಟದಲ್ಲಿ ಎರಡು ಮರದ ಪೆಟ್ಟಿಗೆಗಳ ವಿಮರ್ಶೆಗೆ ಕೈಹಾಕಿದ್ದೇನೆ, ವಾಚಕರು ಮನ್ನಿಸಬೇಕು. ನನ್ನ ಸಮಾಧಾನ ಇಷ್ಟೇ: ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ ನಾವು ಕೇಳುವ ಪ್ರಶ್ನೆಗಳನ್ನೇ ಈ ಪೆಟ್ಟಿಗೆಗಳಿಗೂ ಕೇಳಬಹುದು. ಇದು ಏನನ್ನು ಹೇಳಹೊರಟಿತು? ಅದನ್ನು ಹೇಳಿತೇ? ಏನನ್ನು ಬಿಟ್ಟಿತು? ಬಿಟ್ಟದ್ದು ತಿಳಿದು ಬಿಟ್ಟದ್ದೋ, ಕೈಲಾಗದೆ ಬಿಟ್ಟದ್ದೋ? ಈ ಕೊನೆಯ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಏಕೆಂದರೆ ಅದರಲ್ಲಿ ನಮ್ಮ ಅಣ್ಣನ ಎಡಗೈ ಸಿಕ್ಕಿಕೊಂಡಿದೆ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಪೆಟ್ಟಿಗೆಗಳ ಹೆಸರು ಎಲ್‌ಎಸ್ 3/5ಎ. ಕಾವ್ಯಕ್ಕೆ ಒಗ್ಗುವ ಹೆಸರಲ್ಲ. ಸರ್ಕಾರಿ ಕಡತದ ಸಂಖ್ಯೆಯಂತಿದೆ. ನಿಜಕ್ಕೂ ಅದು ಒಂದು ಬಗೆಯ ಕಡತದ ಸಂಖ್ಯೆಯೇ. ಬ್ರಿಟನ್ನಿನ ಬಿಬಿಸಿ ಸಂಸ್ಥೆ ತನ್ನ ಉಪಯೋಗಕ್ಕೆಂದು ರೂಪಿಸಿಕೊಂಡ ಸ್ಪೀಕರುಗಳಿಗೆ ಇಡುತ್ತಿದ್ದ ಗುರುತು ಇದು. ಎಲ್‌ಎಸ್ ಎಂದರೆ ಲೌಡ್‌ಸ್ಪೀಕರು. 3 ಎಂದರೆ ಸ್ಟುಡಿಯೋದ ಹೊರಗಿನ ಪ್ರಸಾರಕ್ಕೆ ಬಳಸತಕ್ಕದ್ದು. 5 ಎಂದರೆ ಆ ವರ್ಗದ ಐದನೆಯ ವಿನ್ಯಾಸ. ಎ ಎಂದರೆ ಅದರ ತಿದ್ದಿದ ರೂಪ. ಎತ್ತರ ಸುಮಾರು 30 ಸೆಂಟಿಮೀಟರು, ಅಗಲ 19, ಆಳ 16. ಹಳೆಯ ಕಾಲದ ಮನೆಗಳಲ್ಲಿ ಒಡವೆ ಇಡುತ್ತಿದ್ದ ಪೆಟ್ಟಿಗೆಯನ್ನು ನಿಲ್ಲಿಸಿದರೆ ಎಷ್ಟಿದ್ದೀತೋ ಅಷ್ಟು. ತೂಕ ಒಂದೊಂದೂ ಐದು ಕಿಲೋಗಿಂತ ಸ್ವಲ್ಪ ಹೆಚ್ಚು.

ನನ್ನ ಬಳಿಗೆ ಅವು ಬಂದದ್ದು 1992ರಲ್ಲಿ. ಇಂಗ್ಲೆಂಡಿನಲ್ಲಿ ಕೆಲಸಮಾಡಿ ನಿವೃತ್ತರಾಗಿ ಬಂದ ನಮ್ಮ ಷಡ್ಡಕರು, ಸೀರೆ ಸ್ವೆಟರುಗಳ ನಡುವೆ ಸುತ್ತಿ ತಂದ ಆ ಜೊತೆಯನ್ನು ನನ್ನ ಮೇಜಿನ ಮೇಲಿಟ್ಟು, “ನಿಮಗೆ ಸಂಗೀತದ ಹುಚ್ಚು, ಇಟ್ಟುಕೊಳ್ಳಿ, ನಮ್ಮ ಮನೆಯಲ್ಲಿ ಇವುಗಳನ್ನು ಕೇಳುವವರಿಲ್ಲ” ಎಂದರು. ಅವು ಯಾವ ಕಾರ್ಖಾನೆಯಲ್ಲಿ ತಯಾರಾದವು ಎಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ. ಬಿಬಿಸಿಯಿಂದ ಪರವಾನಗಿ ಪಡೆದು ರೋಜರ್ಸ್, ಚಾರ್ಟ್‌ವೆಲ್, ಆಡಿಯೋಮಾಸ್ಟರ್, ಸ್ಪೆಂಡರ್, ಹಾರ್ಬೆತ್ ಮೊದಲಾದ ಹಲವು ಕಂಪನಿಗಳು ಇದೇ ನಕ್ಷೆಗೆ ಅನುಸಾರವಾಗಿ ಇವನ್ನು ತಯಾರಿಸಿದವು. ನಾನು ವಿಮರ್ಶಿಸುತ್ತಿರುವುದು ನಕ್ಷೆಯನ್ನು, ಒಬ್ಬ ತಯಾರಕನನ್ನಲ್ಲ. ಬಸವನಗುಡಿಯ ನಮ್ಮ ಮನೆಯ ಹತ್ತಡಿ–ಹನ್ನೆರಡಡಿ ಕೋಣೆಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಇವುಗಳೊಡನೆ ಸಂಸಾರ ಮಾಡಿದ್ದೇನೆ. ವಿಮರ್ಶಕನಿಗೆ ಇಷ್ಟು ಪರಿಚಯ ಸಾಕೆಂದು ಭಾವಿಸುತ್ತೇನೆ.

ಇವುಗಳ ಹುಟ್ಟಿನ ಕಥೆಯನ್ನು ತಿಳಿಯದೆ ಗುಣದೋಷಗಳನ್ನು ತೂಗುವುದು ಅನ್ಯಾಯ. 1970ರ ದಶಕದ ಆರಂಭದಲ್ಲಿ ಬಿಬಿಸಿಯ ಸಂಶೋಧನಾ ವಿಭಾಗಕ್ಕೆ ಒಂದು ತೊಡಕು ಎದುರಾಯಿತು. ಸಂಗೀತ ಸಭೆಗೋ ಕ್ರೀಡಾಂಗಣಕ್ಕೋ ಹೋಗುವ ಪ್ರಸಾರದ ವ್ಯಾನಿನಲ್ಲಿ ಕೂರುವ ಅಧಿಕಾರಿಗೆ, ತಾನು ದೇಶಕ್ಕೆಲ್ಲ ಕಳುಹಿಸುತ್ತಿರುವ ಧ್ವನಿ ಹೇಗಿದೆಯೆಂದು ತಿಳಿಯಬೇಕು. ಸ್ಟುಡಿಯೋದ ದೊಡ್ಡ ಸ್ಪೀಕರಿಗೆ ವ್ಯಾನಿನಲ್ಲಿ ಜಾಗವಿಲ್ಲ. ಕಿವಿಗೆ ಹೆಡ್‌ಫೋನು ಹಾಕಿಕೊಂಡರೆ ಪಕ್ಕದಲ್ಲಿರುವವರ ಮಾತು ಕೇಳದು, ಧ್ವನಿಗಳ ಪರಸ್ಪರ ಪ್ರಮಾಣವೂ ಸರಿಯಾಗಿ ಗೊತ್ತಾಗದು. ಸ್ಟುಡಿಯೋಗಳ ಸಣ್ಣ ಮಾದರಿಗಳನ್ನು ಕಟ್ಟಿ ಧ್ವನಿಯ ನಡೆಯನ್ನು ಪರೀಕ್ಷಿಸುತ್ತಿದ್ದ ಸಂಶೋಧಕರ ಬಳಿ ಆಗಲೇ ಪುಟ್ಟ ಸ್ಪೀಕರುಗಳ ಅನುಭವವಿತ್ತು. ಆ ಅನುಭವದಿಂದ ಮೊದಲು 3/5 ಹುಟ್ಟಿತು. ಒಳಗಿನ ಅಂಗಗಳಲ್ಲಿ ವ್ಯತ್ಯಾಸವಾದದ್ದರಿಂದ 1974ರ ಹೊತ್ತಿಗೆ ಅದನ್ನು ತಿದ್ದಿ 3/5ಎ ಮಾಡಿದರು. ಹಾರ್‌ವುಡ್, ವ್ಹಾಟನ್, ಮಿಲ್ಸ್ ಎಂಬ ಮೂವರು 1976ರಲ್ಲಿ ಇದರ ವಿನ್ಯಾಸವನ್ನು ಕುರಿತು ವರದಿಯೊಂದನ್ನು ಪ್ರಕಟಿಸಿದರು. ಅಂದರೆ ಇದು ರಂಜನೆಗೆ ಮಾಡಿದ ವಸ್ತುವಲ್ಲ. ತಪ್ಪು ಹಿಡಿಯುವುದಕ್ಕೆ ಮಾಡಿದ ಉಪಕರಣ, ಅಕ್ಕಸಾಲಿಯ ಒರೆಗಲ್ಲಿನಂಥದು.

ಒಳಗಿರುವುದು ಎರಡೇ ಅಂಗ. ಮಂದ್ರಕ್ಕೂ ಮಧ್ಯಕ್ಕೂ ಸೇರಿ ಐದಂಗುಲದ ಒಂದು ಶಂಕು. ತಾರಕ್ಕೆ 19 ಮಿಲಿಮೀಟರಿನ ಒಂದು ಪುಟ್ಟ ಗುಮ್ಮಟ. ಎರಡನ್ನೂ ತಯಾರಿಸುತ್ತಿದ್ದುದು ಕೆಇಎಫ್ ಎಂಬ ಕಂಪನಿ. ಶಂಕು ಕಾಗದದ್ದಲ್ಲ, ಬೆಕ್ಸ್ಟ್ರೀನ್ ಎಂಬ ಪ್ಲಾಸ್ಟಿಕ್ಕಿನದು. ಕಾಗದ ತೇವ ಹೀರುತ್ತದೆ. ಇಂದು ಮಾಡಿದ ಕಾಗದದ ಶಂಕು ನಾಳೆ ಮಾಡಿದ್ದರಂತೆ ಇರುವುದಿಲ್ಲ. ಬಿಬಿಸಿಗೆ ಬೇಕಾಗಿದ್ದುದು ಒಂದರಂತೆ ಇನ್ನೊಂದು. ಪೆಟ್ಟಿಗೆ 12 ಮಿಲಿಮೀಟರಿನ ಪ್ಲೈವುಡ್ಡಿನದು. ಒಳಗೋಡೆಗಳು ತಾವೇ ದನಿಗೂಡಿಸದಂತೆ ಅವಕ್ಕೆ ಭಾರವಾದ ಹಾಳೆಗಳನ್ನು ಮೆತ್ತಿದ್ದಾರೆ. ಗಾಳಿಯಾಡಲು ಕಿಂಡಿಯಿಲ್ಲ, ಪೂರ್ತಿ ಮುಚ್ಚಿದ ಪೆಟ್ಟಿಗೆ. ತಾರದ ಗುಮ್ಮಟದ ಸುತ್ತ ಉಣ್ಣೆಬಟ್ಟೆಯ ಪಟ್ಟಿ. ಪೆಟ್ಟಿಗೆಯ ಅಂಚಿಗೆ ತಗುಲಿ ಸಿಡಿಯುವ ಧ್ವನಿಯನ್ನು ಅದು ಹೀರಿಕೊಳ್ಳುತ್ತದೆ. ಸುಮಾರು 3,000 ಹರ್ಟ್ಸ್‌ನಲ್ಲಿ ಶಂಕು ತನ್ನ ಕೆಲಸವನ್ನು ಗುಮ್ಮಟಕ್ಕೆ ಒಪ್ಪಿಸುತ್ತದೆ. ಮನುಷ್ಯಕಂಠದ ಬಹುಪಾಲು ಈ ಗೆರೆಯ ಕೆಳಗೇ ಇದೆ ಎಂಬುದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮಾತು ಎರಡು ಬಾಯಿಗಳಲ್ಲಿ ಹಂಚಿಹೋಗದೆ ಬಹುಮಟ್ಟಿಗೆ ಒಂದೇ ಬಾಯಿಂದ ಬರುತ್ತದೆ.

ಕನ್ನಡದಲ್ಲಿ ಧ್ವನಿಪೆಟ್ಟಿಗೆ ಎಂದರೆ ನಮ್ಮ ಗಂಟಲೊಳಗಿನ ಅಂಗ. ಆ ಮಾತು ಈ ಸ್ಪೀಕರಿಗೂ ಚೆನ್ನಾಗಿ ಸಲ್ಲುತ್ತದೆ. ಇದರ ಮೊದಲ ಗುಣ, ಮುಖ್ಯ ಗುಣ, ಕಂಠ. ಬಿಬಿಸಿಯ ಎಂಜಿನಿಯರುಗಳು ಸ್ಪೀಕರನ್ನು ಪರೀಕ್ಷಿಸುವಾಗ ತಮಗೆ ಪರಿಚಯವಿದ್ದವರ ಮಾತನ್ನೇ ಒರೆಗೆ ಹಚ್ಚುತ್ತಿದ್ದರು. ಪಿಟೀಲು ಸ್ವಲ್ಪ ಬದಲಾದರೆ ಅದು ಬೇರೆ ಪಿಟೀಲೆಂದು ನಾವು ಸುಮ್ಮನಾಗುತ್ತೇವೆ, ಪಕ್ಕದ ಕೋಣೆಯ ಗೆಳೆಯನ ಧ್ವನಿ ಬದಲಾದರೆ ಕೂಡಲೇ “ಇದೇನು, ನೆಗಡಿಯೇ?” ಎನ್ನುತ್ತೇವೆ. ಮಾತಿನ ವಿಷಯದಲ್ಲಿ ಎಲ್ಲ ಕಿವಿಯೂ ಪಂಡಿತ ಕಿವಿಯೇ. ನಮ್ಮ ಮೈಸೂರಿನಲ್ಲಿ 1935ರಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆದರು. ಅಂದಿನಿಂದ ಕಾಣದ ಮನುಷ್ಯನನ್ನು ಕೇವಲ ಕಂಠದಿಂದ ಗುರುತು ಹಿಡಿಯುವ ಅಭ್ಯಾಸ ನಮಗೂ ಆಗಿದೆ. ಗಂಟಲಿನ ಚಿಕಿತ್ಸೆಯಾದ ಮೇಲೆ ತಗ್ಗಿದ, ಗಂಡಸರ ಕಂಠವೆಂದು ಹೊಸಬರು ಭ್ರಮಿಸುವ ಗಂಗೂಬಾಯಿ ಹಾನಗಲ್ಲರ ಧ್ವನಿಯನ್ನು ಈ ಪೆಟ್ಟಿಗೆಗಳಲ್ಲಿ ಕೇಳಬೇಕು. ಆ ಗಡಸಿನ ಒಳಗೆ ಹೆಣ್ಣುಮಗಳೊಬ್ಬಳ ಕಂಠ ಇದೆಯೆಂಬುದು ಸಂಶಯವಿಲ್ಲದೆ ತಿಳಿಯುತ್ತದೆ. ಬೇರೆ ಅನೇಕ ಸ್ಪೀಕರುಗಳಲ್ಲಿ ಗಡಸು ಮಾತ್ರ ಕೇಳುತ್ತದೆ.

ಎರಡನೆಯ ಗುಣ, ಜೊತೆಯ ಒಗ್ಗಟ್ಟು. ಒಂದು ವ್ಯಾನಿನಲ್ಲಿ ಕೇಳಿದ್ದು ಇನ್ನೊಂದು ವ್ಯಾನಿನಲ್ಲಿ ಬೇರೆಯಾಗಿ ಕೇಳಿದರೆ ಪ್ರಸಾರದವರಿಗೆ ಉಪಯೋಗವಿಲ್ಲ. ಆದುದರಿಂದ ಪ್ರತಿಯೊಂದು ಪೆಟ್ಟಿಗೆಯೂ ಮೂಲ ಮಾದರಿಗೆ ತೀರ ಹತ್ತಿರವಾಗಿರಬೇಕೆಂದು ಬಿಬಿಸಿ ಕಟ್ಟುನಿಟ್ಟು ಮಾಡಿತ್ತು. ಇದರ ಫಲ ಮನೆಯಲ್ಲಿ ಕೇಳುವ ನಮಗೂ ದಕ್ಕುತ್ತದೆ. ಎರಡನ್ನೂ ಕಿವಿಯ ಎತ್ತರಕ್ಕೆ, ಗೋಡೆಯಿಂದ ಮೂರಡಿ ಈಚೆಗೆ ನಿಲ್ಲಿಸಿ, ಆರೇಳು ಅಡಿ ದೂರದಲ್ಲಿ ಕುಳಿತರೆ ಪೆಟ್ಟಿಗೆಗಳು ಮರೆಯಾಗುತ್ತವೆ. ಗಾಯಕ ನಡುವೆ ಕೂರುತ್ತಾನೆ. ಪಿಟೀಲು ಅವನ ಒಂದು ಪಕ್ಕಕ್ಕೆ, ಒಂದು ಹೆಜ್ಜೆ ಹಿಂದಕ್ಕೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಲ್ಲಿ ಮೀಟು ಮುಗಿದ ಮೇಲೆ ಉಳಿಯುವ ನಾದ, ಬೆರಳು ತಂತಿಯ ಮೇಲೆ ಜಾರುವ ಸದ್ದು, ಇವು ಕೋಣೆಯೊಳಗಿನ ಒಂದು ಗೊತ್ತಾದ ಜಾಗದಿಂದ ಬರುತ್ತವೆ. ಕಣ್ಣು ಮುಚ್ಚಿದರೆ ಕೈ ಚಾಚಿ ಮುಟ್ಟಬಹುದೆನ್ನಿಸುತ್ತದೆ.

ಮೂರನೆಯದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ ತಿಳಿಯದು. ತಪ್ಪು ಹಿಡಿಯುವ ಸ್ವಭಾವ ಇವಕ್ಕೆ ಹುಟ್ಟಿನಿಂದ ಬಂದದ್ದು. ಮನೆಗೆ ತಂದ ಮಾತ್ರಕ್ಕೆ ಬಿಟ್ಟುಹೋಗುವುದಿಲ್ಲ. ಧ್ವನಿಮುದ್ರಣದಲ್ಲಿ ತುಂಡು ಜೋಡಿಸಿದ ಜಾಗ, ಮೈಕಿಗೆ ತೀರ ಹತ್ತಿರ ಬಂದ ಬಾಯಿ, ಸಭೆಯಲ್ಲಿ ಕೆಮ್ಮಿದವನು ಎಡಕ್ಕಿದ್ದನೋ ಬಲಕ್ಕಿದ್ದನೋ ಎಂಬುದು, ಎಲ್ಲವನ್ನೂ ವರದಿ ಮಾಡುತ್ತವೆ. ನಾನು ಬಹಳ ಮೆಚ್ಚಿದ್ದ ಕೆಲವು ತಟ್ಟೆಗಳನ್ನು ಇವು ಬಂದ ಮೇಲೆ ಕಪಾಟಿನ ಹಿಂದಕ್ಕೆ ಸೇರಿಸಬೇಕಾಯಿತು. ಹಾಗೆಂದು ಇವು ಹರಿತವಾಗಿ ಚುಚ್ಚುವ ಪೈಕಿಯಲ್ಲ. ಸಭ್ಯ ಮೇಷ್ಟರು ತಪ್ಪನ್ನು ತೋರಿಸುವಂತೆ, ದನಿ ಏರಿಸದೆ ತೋರಿಸುತ್ತವೆ.

ದನಿ ಏರಿಸದಿರುವುದು ಇವುಗಳ ಸಭ್ಯತೆಯಷ್ಟೇ ಅಲ್ಲ, ಅಸಾಮರ್ಥ್ಯವೂ ಹೌದು. ಇಲ್ಲಿಂದ ದೋಷಗಳ ಪಟ್ಟಿ. ಒಂದು ವಾಟ್ ವಿದ್ಯುತ್ತನ್ನು ಕೊಟ್ಟು ಒಂದು ಮೀಟರಿನ ದೂರದಲ್ಲಿ ಅಳೆದರೆ ಇವು ಕೊಡುವುದು ಸುಮಾರು 82 ಡೆಸಿಬೆಲ್. ಮನೆಗಳಲ್ಲಿ ಕಾಣುವ ಸಾಧಾರಣ ಸ್ಪೀಕರುಗಳಿಗಿಂತ ನಾಲ್ಕೈದು ಡೆಸಿಬೆಲ್ ಕಡಮೆ. ಮೂರು ಡೆಸಿಬೆಲ್ ಹೆಚ್ಚಿಸಬೇಕಾದರೆ ಎರಡರಷ್ಟು ವಿದ್ಯುತ್ತು ಬೇಕು. ಸರಿ, ಹೆಚ್ಚು ವಿದ್ಯುತ್ತನ್ನೇ ಕೊಡೋಣವೆಂದರೆ ಇಪ್ಪತ್ತೈದು ಮೂವತ್ತು ವಾಟಿಗೆ ಇವುಗಳ ಹೊಟ್ಟೆ ತುಂಬುತ್ತದೆ; ಅದಕ್ಕೆ ಮೀರಿದರೆ ಅಪಾಯ. ಮೈಕಿನ ಬಳಕೆ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲೆಂದು ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ಮಾಡಿಕೊಂಡರು. ಈ ಪೆಟ್ಟಿಗೆಗಳ ಧರ್ಮ ಅದಕ್ಕೆ ತೀರ ವಿರುದ್ಧ. ಇವಕ್ಕೆ ಕೊನೆಯ ಸಾಲೆಂಬುದೇ ಇಲ್ಲ, ಇರುವುದು ಮೊದಲ ಸಾಲೊಂದೇ. ಮಗನ ಮನೆಯ ದೊಡ್ಡ ಹಾಲಿಗೆ ಒಮ್ಮೆ ಒಯ್ದಿದ್ದೆ. ಮದುವೆಮನೆಯಲ್ಲಿ ಸಂಕೋಚದ ಮುದುಕರೊಬ್ಬರು ಮಾತಾಡಿದಂತಿತ್ತು; ಯಾರೂ ಕೇಳಿಸಿಕೊಳ್ಳಲಿಲ್ಲ.

ಎರಡನೆಯ ದೋಷ ಮಂದ್ರದ ಕೊರತೆ. ಇದು ಕಾರ್ಖಾನೆಯವರ ತಪ್ಪಲ್ಲ, ಗಾಳಿಯ ಧರ್ಮ. ತಗ್ಗಿನ ಸ್ವರವನ್ನು ನುಡಿಸಲು ಹೆಚ್ಚು ಗಾಳಿಯನ್ನು ದೂಡಬೇಕು. ಅದೇ ಗಟ್ಟಿತನದಲ್ಲಿ ಒಂದು ಸ್ಥಾಯಿ ಕೆಳಗಿಳಿಯಬೇಕಾದರೆ ಶಂಕು ನಾಲ್ಕರಷ್ಟು ಹಿಂದೆಮುಂದೆ ಓಡಾಡಬೇಕು. ಐದಂಗುಲದ ಶಂಕಿಗೆ ಅಷ್ಟು ಓಡಾಟ ಆಗದು. ಪೆಟ್ಟಿಗೆಯೂ ಪುಟ್ಟದಾದ್ದರಿಂದ ಒಳಗೆ ಸಿಕ್ಕಿಕೊಂಡ ಗಾಳಿ ಗಡುಸಾದ ಸ್ಪ್ರಿಂಗಿನಂತೆ ಅದನ್ನು ತಡೆಯುತ್ತದೆ. ಫಲವಾಗಿ ಸುಮಾರು 70 ಹರ್ಟ್ಸ್‌ನ ಕೆಳಗೆ ಇವು ಮೆಲ್ಲನೆ ಮೌನಕ್ಕೆ ಜಾರುತ್ತವೆ. ಪಿಯಾನೋದ ಕೊನೆಯ ಸ್ವರ 27.5 ಹರ್ಟ್ಸ್, ಇಂಗ್ಲೆಂಡಿನ ಚರ್ಚುಗಳ ಆರ್ಗನ್ನಿನ ದೊಡ್ಡ ಕೊಳವೆಗಳದು ಮೂವತ್ತರ ಆಸುಪಾಸು. ಆ ಲೋಕ ಇವಕ್ಕೆ ತಿಳಿಯದು.

ನಮ್ಮ ಸಂಗೀತಕ್ಕೆ ಅಷ್ಟು ತಗ್ಗು ಯಾಕೆ ಬೇಕೆಂದು ಕೇಳಬಹುದು. ತಂಬೂರಿಯನ್ನೇ ತೆಗೆದುಕೊಳ್ಳಿ. ಒಂದನೆಯ ಮನೆಯ ಶ್ರುತಿಗೆ ಹಾಡುವವರ ಷಡ್ಜ ಸುಮಾರು 131 ಹರ್ಟ್ಸ್. ತಂಬೂರಿಯ ಕೊನೆಯ ತಂತಿಯ ಮಂದ್ರಷಡ್ಜ ಅದರ ಅರ್ಧ, 65. ಈ ಪೆಟ್ಟಿಗೆಗಳ ಹೊಸ್ತಿಲಿನಿಂದ ಅದು ಒಂದು ಮೆಟ್ಟಿಲು ಕೆಳಗೇ ಇದೆ. ಆದರೂ ಆಶ್ಚರ್ಯ! ಆ ಮಂದ್ರಷಡ್ಜ ನಮಗೆ ಕೇಳುತ್ತದೆ. ತಂಬೂರಿಯ ನಾದದಲ್ಲಿ ಮೂಲಸ್ವರಕ್ಕಿಂತ ಅದರ ಮೇಲಿನ ಉಪಸ್ವರಗಳೇ ಪ್ರಬಲ. ಉಪಸ್ವರಗಳು ಸರಿಯಾದ ಕ್ರಮದಲ್ಲಿ ಕಿವಿಗೆ ಬಿದ್ದರೆ, ಇಲ್ಲದ ಮೂಲಸ್ವರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಇದು ಧ್ವನಿಶಾಸ್ತ್ರದವರು ಒಪ್ಪಿದ ಸಂಗತಿ. ವಿನ್ಯಾಸಕಾರರು ಇದಕ್ಕೆ ಇನ್ನೊಂದು ಸಹಾಯವನ್ನೂ ಕೊಟ್ಟಿದ್ದಾರೆ: ನೂರು ಹರ್ಟ್ಸ್‌ಗೆ ಸ್ವಲ್ಪ ಮೇಲೆ ಧ್ವನಿ ಕೊಂಚ ಉಬ್ಬಿದೆ. ಆ ಉಬ್ಬಿನಿಂದ ಒಂದು ಬೆಚ್ಚನೆಯ ತುಂಬು ಬರುತ್ತದೆ, ಕೆಳಗೆ ಇನ್ನೂ ಏನೋ ಇದೆಯೆಂಬ ಭ್ರಮೆಯೂ ಬರುತ್ತದೆ. ಸತ್ಯಕ್ಕಾಗಿ ಹುಟ್ಟಿದ ವಸ್ತುವಿನಲ್ಲಿ ಇದೊಂದು ಸಣ್ಣ ಸುಳ್ಳು. ಬಡತನವನ್ನು ಅತಿಥಿಗೆ ತೋರಗೊಡದ ಗೃಹಿಣಿಯ ಸುಳ್ಳಿನಂಥದು. ನಾನು ಅದನ್ನು ದೂರಲಾರೆ. ಆದರೆ ವಿಮರ್ಶೆಯಲ್ಲಿ ಬರೆಯದೆ ಬಿಡಲೂ ಆರೆ. ಪೆಟ್ಟಿಗೆಗಳನ್ನು ಪುಸ್ತಕದ ಕಪಾಟಿನಲ್ಲಿ ಗೋಡೆಗೆ ಒತ್ತಿಟ್ಟರೆ ಈ ಉಬ್ಬು ಇನ್ನಷ್ಟು ಉಬ್ಬಿ ಗುಮ್ಮೆನ್ನುತ್ತದೆ. ಗಾತ್ರ ಕಂಡು ಹಲವರು ಇಡುವುದು ಅಲ್ಲಿಯೇ.

ಇನ್ನು ಅಣ್ಣನ ಸಂಗತಿ. ಅಣ್ಣ ಮೈಸೂರಿನಲ್ಲಿದ್ದಾನೆ, ನನಗಿಂತ ಆರು ವರ್ಷ ದೊಡ್ಡವನು. ಬ್ಯಾಂಕಿನ ನೌಕರಿ ಮಾಡಿಕೊಂಡೇ ಮೃದಂಗ ಕಲಿತು, ಭಜನೆಗೆ, ರಾಮೋತ್ಸವದ ಕಿರಿಯರ ಕಚೇರಿಗಳಿಗೆ ನುಡಿಸುತ್ತಿದ್ದ. ಮಣಿಕಟ್ಟಿನ ನೋವು ಬಂದು ಮೃದಂಗವನ್ನು ಅಟ್ಟಕ್ಕೆ ಸೇರಿಸಿ ಹತ್ತು ವರ್ಷವಾಯಿತು. ನಮ್ಮ ಅಮ್ಮ ಸಭೆಯಲ್ಲಿ ಹಾಡಿದವಳಲ್ಲ. ಆದರೆ ದೇವರನಾಮಗಳನ್ನು ಶ್ರುತಿಶುದ್ಧವಾಗಿ ಹಾಡುತ್ತಿದ್ದಳು. 1979ರ ನವರಾತ್ರಿಯಲ್ಲಿ ಒಂದು ಸಂಜೆ, ಬೊಂಬೆಗಳ ಮುಂದೆ ಅವಳು ಹಾಡಿದ್ದನ್ನು, ಅಣ್ಣ ನುಡಿಸಿದ್ದನ್ನು, ನಾನು ಸಾಲ ತಂದ ಕ್ಯಾಸೆಟ್ ಯಂತ್ರದಲ್ಲಿ ಹಿಡಿದಿಟ್ಟೆ. ಅಮ್ಮ ಈಗಿಲ್ಲ. ಅವಳ ಕಂಠ ಉಳಿದಿರುವುದು ಆ ನಲವತ್ತು ನಿಮಿಷದಲ್ಲಿ ಮಾತ್ರ.

ಆ ಕ್ಯಾಸೆಟ್ಟನ್ನು ಈ ಪೆಟ್ಟಿಗೆಗಳಲ್ಲಿ ಮೊದಲ ಸಲ ಕೇಳಿದ ದಿನ ನಾನು ಬಹಳ ಹೊತ್ತು ಎದ್ದಿರಲಿಲ್ಲ. ಅಮ್ಮ ಎರಡು ಪೆಟ್ಟಿಗೆಗಳ ನಡುವೆ, ಸ್ವಲ್ಪ ಹಿಂದಕ್ಕೆ ಕುಳಿತಿದ್ದಳು. ಚರಣಕ್ಕೆ ಮೊದಲು ಅವಳು ಉಸಿರೆಳೆದುಕೊಳ್ಳುವುದು, ಅನುಸ್ವಾರ ಬಂದಲ್ಲೆಲ್ಲ ಒಂದಿಷ್ಟು ನಿಲ್ಲುವುದು, ನಡುವೆ ಒಮ್ಮೆ ದೀಪದ ಬತ್ತಿ ನೋಡಲು ಯಾರಿಗೋ ಪಿಸುದನಿಯಲ್ಲಿ ಹೇಳುವುದು, ಇವು ಒಂದೂ ಲೋಪವಾಗಿರಲಿಲ್ಲ. ಯಂತ್ರದ ಕರಕರವೂ ಇತ್ತು. ಆದರೆ ಅದು ಬೇರೆ ಕಡೆ, ಅವಳು ಬೇರೆ ಕಡೆ. ಮಾರನೆಯ ವಾರವೇ ಅಣ್ಣನನ್ನು ಕರೆಸಿದೆ. ಅವನು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ. ಮುಗಿದ ಮೇಲೆ ಕಣ್ಣೊರೆಸಿಕೊಂಡು, “ಅಮ್ಮ ಇಲ್ಲೇ ಇದಾಳೆ ಕಣೋ” ಎಂದ. ಸ್ವಲ್ಪ ತಡೆದು, “ಆದರೆ ನನ್ನ ಎಡಗೈ ಎಲ್ಲಿ ಹೋಯಿತೋ?” ಎಂದು ಕೇಳಿದ.

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮೃದಂಗದ ಎಡಮುಖಕ್ಕೆ ರವೆಯ ಕಣಕವನ್ನು ಮೆತ್ತುವುದು ಅದರ ದನಿ ತಗ್ಗಿ ಭಾರವಾಗಲೆಂದೇ. ಬಲಗೈ ಮಾತಾಡಿದರೆ ಎಡಗೈ ಹೂಂಗುಟ್ಟಬೇಕು. ಹಾಡಿನ ನಡೆಗೆ ನೆಲವಾಗುವುದು ಅದು. ನಮ್ಮ ಪೆಟ್ಟಿಗೆಗಳಲ್ಲಿ ಬಲಗೈಯ ಪ್ರತಿ ಬೆರಳೂ ಎಣಿಸುವಷ್ಟು ಸ್ಪಷ್ಟ. ಎಡಗೈ ಬಡಿದದ್ದು ತಿಳಿಯುತ್ತದೆ, ಅದರ ತೂಕ ತಿಳಿಯುವುದಿಲ್ಲ. ತಂಬೂರಿಗೆ ಮನಸ್ಸು ಮಾಡಿಕೊಟ್ಟ ಉಪಕಾರವನ್ನು ಮೃದಂಗಕ್ಕೆ ಮಾಡಿಕೊಡಲಾಗದು. ತಂಬೂರಿಯದು ಎಡೆಬಿಡದ ನಾದ, ಮೃದಂಗದ್ದು ಪೆಟ್ಟು. ಪೆಟ್ಟಿನ ಭಾರವನ್ನು ಕಿವಿಯ ಜೊತೆಗೆ ಎದೆಯೂ ಕೇಳಬೇಕು; ಎದೆಗೆ ಗಾಳಿಯೇ ತಾಕಬೇಕು.

ಕ್ಯಾಸೆಟ್ಟಿನಲ್ಲೇ ಇಲ್ಲದಿದ್ದರೆ ಪೆಟ್ಟಿಗೆಗಳ ಮೇಲೆ ಆರೋಪ ಹೊರಿಸುವುದು ಸರಿಯಲ್ಲವಷ್ಟೆ. ಅದಕ್ಕಾಗಿ ಇಬ್ಬರೂ ಗೆಳೆಯರೊಬ್ಬರ ಮನೆಗೆ ಹೋದೆವು. ಅಲ್ಲಿ ಎದೆಯೆತ್ತರದ ಎರಡು ದೊಡ್ಡ ಸ್ಪೀಕರುಗಳಿದ್ದವು. ಕ್ಯಾಸೆಟ್ ಹಾಕಿದೊಡನೆ ಅಣ್ಣನ ಎಡಗೈ ಬಂತು, ನೆಲವೇ ಬಂತೆನ್ನಬೇಕು. ಅಣ್ಣನ ಮುಖ ಅರಳಿತು. ಆಮೇಲೆ ಅಮ್ಮ ಹಾಡತೊಡಗಿದಳು. ಧ್ವನಿ ಅವಳದೇ, ಆದರೆ ದಪ್ಪವಾಗಿತ್ತು, ದೊಡ್ಡದಾಗಿತ್ತು, ಧರ್ಮಸ್ಥಳದ ದ್ವಾರದಷ್ಟು ಅಗಲವಾದ ಬಾಯಿಂದ ಬಂದಂತಿತ್ತು. ಸಭೆಗೆ ಹಾಡದ ಹೆಂಗಸನ್ನು ಬಲವಂತವಾಗಿ ಸಭೆಯಲ್ಲಿ ಕೂರಿಸಿದಂತೆ ನನಗೆ ಸಂಕಟವಾಯಿತು. ಆ ಸ್ಪೀಕರುಗಳು ಕೆಟ್ಟವೆಂದು ಹೇಳಲಾರೆ. ಅವುಗಳ ಜಾಣ್ಮೆ ಬೇರೆ ಕಡೆ ಇತ್ತು.

ಮಂದ್ರಕ್ಕೆಂದೇ ಇರುವ ಮೂರನೆಯ ಪೆಟ್ಟಿಗೆಯೊಂದನ್ನು ತಂದು ಸೇರಿಸಿದರಾಯಿತಲ್ಲ ಎಂದು ಬಲ್ಲವರು ಹೇಳಿದರು. ತಂದೆ, ಒಂದು ತಿಂಗಳು ತಿರುಗಿಸಿ ಮುರುಗಿಸಿ ನೋಡಿದೆ. ಎಡಗೈ ಬಂತು, ಆದರೆ ಮೃದಂಗಕ್ಕೆ ಎರಡು ಮನೆಯಾಯಿತು: ಬಲಮುಖ ಮೇಜಿನ ಬಳಿ, ಎಡಮುಖ ಕೋಣೆಯ ಮೂಲೆಯಲ್ಲಿ. ಚಿಕ್ಕ ಕೋಣೆಯಲ್ಲಿ ನನ್ನಂಥ ಅನನುಭವಿ ಮಾಡಿದ ಜೋಡಣೆ. ಕುಶಲರು ಇನ್ನೂ ಚೆನ್ನಾಗಿ ಮಾಡಿಯಾರು. ನಾನು ಅದನ್ನು ಹಿಂದಿರುಗಿಸಿದೆ.

ಈಗ ಈ ಪೆಟ್ಟಿಗೆಗಳ ಸುತ್ತ ಬೆಳೆದಿರುವ ಭಕ್ತಿಯನ್ನು ಕುರಿತು ಎರಡು ಮಾತು. ಪ್ರಪಂಚದಾದ್ಯಂತ ಹತ್ತಾರು ಸಾವಿರ ಜೊತೆಗಳು ಮಾರಾಟವಾದವು; ಜಪಾನು, ಹಾಂಗ್‌ಕಾಂಗುಗಳಲ್ಲಿ ಇವನ್ನು ಸಂಗ್ರಹಿಸುವವರು ಬಹಳ. 1980ರ ದಶಕದ ಕೊನೆಯಲ್ಲಿ ಒಳಗಿನ ಅಂಗಗಳು ತಿದ್ದುಪಡಿಯಾದುವು. 15 ಓಮ್‌ನ ಪೆಟ್ಟಿಗೆಗಳು 11 ಓಮ್‌ನವಾದುವು. ಇವೆರಡರಲ್ಲಿ ಯಾವುದು ಶ್ರೇಷ್ಠವೆಂಬ ವಾದ ದ್ವೈತಾದ್ವೈತಗಳ ವಾದದಂತೆ ಇಂದಿಗೂ ನಡೆದಿದೆ. ಮೂಲ ಅಂಗಗಳ ತಯಾರಿಕೆ 1990ರ ದಶಕದ ಕೊನೆಗೆ ನಿಂತಿತು. 2014ರಿಂದೀಚೆಗೆ ಫಾಲ್ಕನ್ ಎಂಬ ಇಂಗ್ಲಿಷ್ ಕಂಪನಿ ಅಂಗಗಳನ್ನು ಹೊಸದಾಗಿ ಮಾಡಿ ಇದೇ ನಕ್ಷೆಯಲ್ಲಿ ಮತ್ತೆ ಮಾರುತ್ತಿದೆ, ಬೇರೆಯವರೂ ಮಾರುತ್ತಿದ್ದಾರೆ. ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಪ್ರಸಾರದ ವ್ಯಾನಿನಲ್ಲಿ ಬೆವರು ಸುರಿಸಲು ಹುಟ್ಟಿದ ಉಪಕರಣವನ್ನು ಪೂಜೆಗಿಡುವುದು ನನಗೆ ಸರಿತೋರದು. ಇವುಗಳ ಬಗ್ಗೆ ಬರೆಯುವವರು ಮಂದ್ರದ ಕೊರತೆಯನ್ನು ಕೂಡ ಸೊಬಗೆಂದು ಹೊಗಳುವುದುಂಟು. ಕೊರತೆ ಕೊರತೆಯೇ. ಅದನ್ನು ಸೊಬಗೆಂದು ಕರೆದರೆ ಅಣ್ಣನಂಥವರ ಎಡಗೈಗೆ ಅವಮಾನ.

ಹಾಗಾದರೆ ತೀರ್ಪು ಏನು? ಚಿಕ್ಕ ಕೋಣೆಯಲ್ಲಿ ಒಬ್ಬರೋ ಇಬ್ಬರೋ ಕುಳಿತು ಗಾಯನ, ವೀಣೆ, ಕೊಳಲು, ಪಿಟೀಲು, ಓದಿದ ಕಥೆ, ಆಡಿದ ಮಾತು ಕೇಳುವವರಿಗೆ ಇವುಗಳಿಗಿಂತ ಉತ್ತಮವಾದದ್ದನ್ನು ನಾನು ಕೇಳಿಲ್ಲ. ತಾಳವಾದ್ಯ ಕಚೇರಿ, ಡೊಳ್ಳು, ಸಿನಿಮಾ ಹಾಡು, ಮನೆತುಂಬ ನೆಂಟರು ಎನ್ನುವವರು ಬೇರೆ ಹುಡುಕಿಕೊಳ್ಳಬೇಕು. ಹಳೆಯ ಜೊತೆಯನ್ನು ಕೊಳ್ಳುವವರು ಎರಡೂ ಒಂದೇ ವಯಸ್ಸಿನವೇ, ಒಂದೇ ಬಗೆಯವೇ ಎಂದು ನೋಡಿಕೊಳ್ಳಬೇಕು. ಮುಂದಿನ ಬಟ್ಟೆಯ ಚೌಕಟ್ಟನ್ನು ತೆಗೆದು ಕೇಳಬಾರದು, ಬಟ್ಟೆಯನ್ನೂ ಲೆಕ್ಕಕ್ಕೆ ಹಿಡಿದೇ ಧ್ವನಿಯನ್ನು ಹದಮಾಡಿದ್ದಾರೆ. ಇನ್ನು ಮೊದಲಲ್ಲಿ ಕೇಳಿದ ಪ್ರಶ್ನೆ: ಬಿಟ್ಟದ್ದು ತಿಳಿದು ಬಿಟ್ಟದ್ದೇ? ಹೌದು. ವ್ಯಾನಿನಲ್ಲಿ ಕುಳಿತವನಿಗೆ ಎಲ್ಲವನ್ನೂ ಕೊಡಲಾಗದೆಂದು ಅರಿತು, ಮೊದಲು ಕಂಠವನ್ನು ಉಳಿಸಿಕೊಂಡರು. ಬಿಟ್ಟದ್ದರ ಬೆಲೆ ಏನೆಂಬುದು ಮಾತ್ರ ಅವರಿಗೆ ತಿಳಿದಿರಲಾರದು. ಅದನ್ನು ತೆರುವವರು ನಾವು.

ಹೋದ ನವರಾತ್ರಿಗೆ ಅಣ್ಣ ಬಂದಿದ್ದ. ಅವನು ಬರುವ ಮೊದಲೇ ನಾನು ಎರಡು ಪೆಟ್ಟಿಗೆಗಳನ್ನೂ ಹಿಂದಕ್ಕೆ ಸರಿಸಿ ಗೋಡೆಗೆ ಆನಿಸಿಟ್ಟಿದ್ದೆ. ಗೋಡೆಯ ಆಸರೆ ಸಿಕ್ಕರೆ ತಗ್ಗಿನ ದನಿಗೆ ಬಲ ಬರುತ್ತದೆ. ಪೂರ್ತಿಯಾಗಿ ಅಲ್ಲದಿದ್ದರೂ ಎಡಗೈ ಸ್ವಲ್ಪ ಕಾಣಿಸಿಕೊಳ್ಳುತ್ತದೆ. ಕ್ಯಾಸೆಟ್ ಹಾಕಿದೆ. ಅಣ್ಣ ಒಂದು ಹಾಡು ಕೇಳಿದ. “ಗೋಡೆಗೆ ಸರಿಸಿದೀಯಲ್ಲವೇ?” ಎಂದ. ಹೌದೆಂದೆ. “ನನ್ನ ಕೈ ಬಂತು. ಆದರೆ ಅಮ್ಮನಿಗೆ ನೆಗಡಿಯಾದ ಹಾಗಿದೆ. ಬೇಡ, ಮುಂದಕ್ಕೇ ಎಳಿ” ಎಂದ.

ಮತ್ತೆ ಮೂರಡಿ ಈಚೆಗೆ ಎಳೆದಿಟ್ಟೆ. ಅಮ್ಮ ಹಾಡಿದಳು. ಅಣ್ಣ ಕಣ್ಣು ಮುಚ್ಚಿ, ನೋವಿದ್ದ ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿಕೊಂಡು, ಕ್ಯಾಸೆಟ್ಟಿನ ಬಲಗೈಗೆ ಸರಿಯಾಗಿ ಎಡಗೈಯಲ್ಲಿ ತೊಡೆಯ ಮೇಲೆ ನುಡಿಸಿಕೊಳ್ಳುತ್ತಿದ್ದ.